ಗಿರಿವಾಸವೂ ಸಂತಾನಚಿಂತೆಯೂ

ನನ್ನ ಸೋದರಳಿಯನು ಸೈನಿಕನು. ಎರಡು ವರ್ಷಗಳಿಂದ ಲಡಾಖಿನಲ್ಲಿ ಅವನ ವಾಸ. ರಜೆಗೆ ಬಂದುಹೋದರೂ ಸಂತಾನವಾಗಲಿಲ್ಲವೆಂದು ನನ್ನ ತಂಗಿಯು ಸೊಸೆಯನ್ನು ಹಳಿಯುತ್ತಿದ್ದಳು. ನಾನೂ ಶಾಸ್ತ್ರ ಬಲ್ಲೆನೆಂಬ ಹಮ್ಮಿನಿಂದ ಆ ಹುಡುಗಿಗೆ ಅಶ್ವತ್ಥಪ್ರದಕ್ಷಿಣೆಯನ್ನು ವಿಧಿಸಿದೆನು. ಅವಳು ಮರುಮಾತಾಡದೆ ನಡೆಯಿಸಿದಳು.

ಪರಿಚಿತ ವೈದ್ಯರೊಬ್ಬರು ನನ್ನ ಕಣ್ಣು ತೆರೆಯಿಸಿದರು. ಲೇಹ್ ಪಟ್ಟಣದ ಎತ್ತರವು ಸುಮಾರು 3500 ಮೀಟರು. ಅಲ್ಲಿ ಒಂದೊಂದು ಉಸಿರಿಗೆ ದೊರೆಯುವ ಪ್ರಾಣವಾಯುವು ಕಡಲತೀರದಲ್ಲಿರುವುದರ ಮೂರರಲ್ಲಿ ಎರಡು ಪಾಲಿನಷ್ಟೇ. ಪೆರು ದೇಶದ ವಿದ್ವಾಂಸರು ಕಡಲಮಟ್ಟದ ಪುರುಷರನ್ನು 4000 ಮೀಟರಿಗೂ ಮೇಲೆ ಕೆಲಕಾಲ ಇರಿಸಿ, ಅವರ ವೀರ್ಯಾಣುಗಳ ಸಂಖ್ಯೆಯೂ ಚಲನೆಯೂ ಕುಗ್ಗಿದುದನ್ನು 1968ರಲ್ಲಿ ಪ್ರಕಟಿಸಿದರು. ಈ ಕುಂದು ಸಾಮಾನ್ಯವಾಗಿ ಶಾಶ್ವತವಲ್ಲ. ಆದರೆ ವೀರ್ಯಾಣುವು ಸಿದ್ಧವಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಆದುದರಿಂದ ಚೇತರಿಕೆಗೆ ಕೆಳನಾಡಿನಲ್ಲಿ ಕೆಲವು ತಿಂಗಳುಗಳ ವಾಸವೇ ಅವಶ್ಯ, ಅಲ್ಪಾವಧಿಯ ರಜೆಯು ಸಾಲದು. ತಲೆಮಾರುಗಳಿಂದ ಅಲ್ಲಿಯೇ ಬಾಳಿದ ಲಡಾಖಿಗಳ ಮನೆಗಳಲ್ಲಿಯಾದರೋ ತೊಟ್ಟಿಲು ತೂಗುತ್ತಲೇ ಇವೆ.

ನಮ್ಮ ಹುಡುಗನ ವಿಷಯದಲ್ಲಿ ಕಾರಣವು ಇದೇ ಎಂದು ಪರೀಕ್ಷೆಯಾಗದೆ ಹೇಳಲಾರೆನು. ಆದರೆ ಅವನನ್ನು ಪರೀಕ್ಷಿಸಬೇಕೆಂದು ನಮ್ಮಲ್ಲಿ ಯಾರಿಗೂ ತೋರಲೇ ಇಲ್ಲ. ಇದು ನಮ್ಮ ದೋಷವು. “ತಪ್ಪಾಯಿತಮ್ಮಾ” ಎಂದೆನು. ಅವಳು ಕಣ್ಣೊರಸಿಕೊಂಡು, “ಕಾಫಿ ಆರುತ್ತದೆ, ತೆಗೆದುಕೊಳ್ಳಿ ಮಾವ” ಎಂದಳು.