ಸಾಫ್ಟ್‌ಬಾಲ್ ತಂಡವೂ ನಮ್ಮ ಹೆಣ್ಣುಮಕ್ಕಳೂ

ಮಗಳು ಕಾಲೇಜಿಗೆ ಸೇರಿದಳೆಂದರೆ ಯಾವ ವಿಷಯ ತೆಗೆದುಕೊಂಡಳು, ಹಾಸ್ಟೆಲಿನಲ್ಲಿರುವಳೋ ಬಸ್ಸಿನಲ್ಲಿ ಓಡಾಡುವಳೋ ಎಂದು ನೆಂಟರಿಷ್ಟರು ವಿಚಾರಿಸುವುದುಂಟು. ಯಾವ ಆಟ ಆಡುತ್ತಾಳೆ ಎಂದು ಕೇಳಿದವರನ್ನು ಮಾತ್ರ ನಾವು ಈವರೆಗೆ ಕಂಡಿಲ್ಲ. ಓದಿನಷ್ಟೇ ಆಟವೂ ಹೆಣ್ಣುಮಕ್ಕಳಿಗೆ ಅಗತ್ಯವೆಂದು ವೇದಿಕೆಯ ಮೇಲೆ ಹೇಳುವವರು ಬಹಳ ಮಂದಿ ಇದ್ದಾರೆ. ಸಂಜೆ ಆರೂವರೆಯಾದರೂ ಮಗಳು ಮನೆಗೆ ಬಾರದಿದ್ದಾಗ ಆ ಮಾತನ್ನು ನೆನಪಿಟ್ಟುಕೊಳ್ಳುವವರು ಕಡಿಮೆ. ಮುಳಬಾಗಿಲಿನ ನಮ್ಮ ಮನೆಗೆ ಸಾಫ್ಟ್‌ಬಾಲ್ ಎಂಬ ಹೆಸರು ಬಂದದ್ದು ಕೋಲಾರದಲ್ಲಿ ಪದವಿ ಓದುತ್ತಿದ್ದ ನಮ್ಮ ಮಗಳ ಮೂಲಕ. ಅಂದಿನಿಂದ ಆ ಆಟದ ವಿಚಾರವಾಗಿ ಸಿಕ್ಕಿದ್ದನ್ನೆಲ್ಲ ಓದಿ, ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ಹೆಸರಿನಲ್ಲಿ ಮೃದುತ್ವವಿದ್ದರೂ ಈ ಚೆಂಡು ಮೃದುವಲ್ಲ. ಸುತ್ತಳತೆ ೧೨ ಅಂಗುಲ. ಕ್ರಿಕೆಟ್ ಚೆಂಡಿಗಿಂತ ದೊಡ್ಡದು, ಬರಿಗೈಯಲ್ಲಿ ಹಿಡಿದರೆ ಅಂಗೈ ಕೆಂಪೇರುವಷ್ಟು ಗಟ್ಟಿ. ಆದ್ದರಿಂದ ಕ್ಷೇತ್ರದಲ್ಲಿ ನಿಂತವರೆಲ್ಲರೂ ಚರ್ಮದ ಗವಸು ತೊಡಬೇಕು. ಒಂದೊಂದು ಕಡೆಗೆ ಒಂಬತ್ತು ಮಂದಿ. ಎಸೆಯುವವಳು ೪೩ ಅಡಿ ದೂರದಿಂದ ತೋಳನ್ನು ಚಕ್ರದಂತೆ ತಿರುಗಿಸಿ, ಕೈಯನ್ನು ಸೊಂಟಕ್ಕಿಂತ ಕೆಳಗಿನಿಂದ ತಂದು ಚೆಂಡನ್ನು ಬಿಡುತ್ತಾಳೆ. ಹೊಡೆದವಳು ಅರುವತ್ತು ಅರುವತ್ತು ಅಡಿಗೊಂದರಂತಿರುವ ನಾಲ್ಕು ಮೂಲೆಗಳನ್ನು ಸುತ್ತಿ ಬಂದರೆ ಒಂದು ಓಟ. ಮೂವರು ಔಟಾದರೆ ಸರದಿ ಎದುರು ತಂಡಕ್ಕೆ. ಹೀಗೆ ಏಳು ಸರದಿ. ಲಗೋರಿ ಆಡಿದವರಿಗೂ ಕ್ರಿಕೆಟ್ ನೋಡಿದವರಿಗೂ ಅರ್ಧ ಗಂಟೆಯಲ್ಲಿ ಅರ್ಥವಾಗುವ ಆಟವಿದು.

ಇದು ಹುಟ್ಟಿದ್ದು ೧೮೮೭ರ ನವೆಂಬರಿನಲ್ಲಿ, ಅಮೆರಿಕದ ಷಿಕಾಗೋ ನಗರದ ಒಂದು ದೋಣಿ ಕ್ಲಬ್ಬಿನ ಒಳಾಂಗಣದಲ್ಲಿ. ದೂರದ ಊರಿನ ಫುಟ್‌ಬಾಲ್ ಪಂದ್ಯದ ಫಲಿತಾಂಶಕ್ಕಾಗಿ ಕಾಯುತ್ತ ಕುಳಿತಿದ್ದ ಯುವಕರು, ಮುಷ್ಟಿಯುದ್ಧದ ಗವಸೊಂದನ್ನು ದಾರದಿಂದ ಬಿಗಿದು ಚೆಂಡು ಮಾಡಿ, ಪೊರಕೆಯ ಕೋಲಿನಿಂದ ಹೊಡೆದರಂತೆ. ಗಂಡಸರು ಹೊತ್ತು ಕಳೆಯಲು ಕಂಡುಕೊಂಡ ಈ ಆಟ ಎಂಟೇ ವರ್ಷಗಳಲ್ಲಿ ಹುಡುಗಿಯರ ಕೈಗೂ ಬಂದಿತು. ೧೮೯೫ರಲ್ಲಿ ಅದೇ ನಗರದ ಒಂದು ಪ್ರೌಢಶಾಲೆಯ ಹೆಣ್ಣುಮಕ್ಕಳು ತಂಡ ಕಟ್ಟಿದರು. ಅವರಿಗೆ ಒಬ್ಬ ತರಬೇತುದಾರರು ದೊರೆತದ್ದು ೧೮೯೯ರಲ್ಲಿ! ನಾಲ್ಕು ವರ್ಷ ಆ ಮಕ್ಕಳು ತಮಗೆ ತಾವೇ ಗುರುಗಳಾಗಿ ಆಡಿಕೊಂಡರು. ಹೆಣ್ಣುಮಕ್ಕಳ ಆಟದ ಇತಿಹಾಸ ಎಲ್ಲೆಡೆಯಲ್ಲಿಯೂ ಹೀಗೆಯೇ ಆರಂಭವಾಗುತ್ತದೆಯೋ ಏನೋ.

ಕಾಲೇಜು ಹೆಣ್ಣುಮಕ್ಕಳ ತಂಡಗಳ ಪೈಕಿ ನಮ್ಮ ಮನಸ್ಸನ್ನು ಬಹಳವಾಗಿ ಹಿಡಿದದ್ದು ಅಮೆರಿಕದ ನೆಬ್ರಾಸ್ಕ ರಾಜ್ಯದ ವಾಹೂ ಎಂಬ ಊರಿನ ತಂಡ. ನಮ್ಮ ಶ್ರೀನಿವಾಸಪುರಕ್ಕಿಂತಲೂ ಚಿಕ್ಕ ಊರು. ಆಗ ಅಲ್ಲಿದ್ದ ಜನ ನಾಲ್ಕು ಸಾವಿರಕ್ಕೂ ಕಡಿಮೆ. ೧೯೬೫ರಲ್ಲಿ ಅಲ್ಲಿ ಜಾನ್ ಎಫ್. ಕೆನಡಿಯವರ ಹೆಸರಿನಲ್ಲಿ ಒಂದು ಖಾಸಗಿ ಕಾಲೇಜು ತೆರೆಯಿತು. ೧೯೬೯ರಲ್ಲಿ ಅದೇ ರಾಜ್ಯದ ಒಮಾಹಾ ನಗರದಲ್ಲಿ ಕಾಲೇಜು ಮಹಿಳೆಯರ ಪ್ರಪ್ರಥಮ ರಾಷ್ಟ್ರೀಯ ಸಾಫ್ಟ್‌ಬಾಲ್ ಪಂದ್ಯಾವಳಿ ನಡೆದಾಗ, ಗೆದ್ದದ್ದು ದೊಡ್ಡ ವಿಶ್ವವಿದ್ಯಾಲಯವಲ್ಲ, ಈ ನಾಲ್ಕು ವರ್ಷದ ಕೂಸಿನಂತಹ ಕಾಲೇಜು. ೧೯೭೦ರಲ್ಲಿಯೂ ೧೯೭೧ರಲ್ಲಿಯೂ ಅದೇ ಗೆದ್ದಿತು. ಅಲ್ಲಿನ ಕೇಂದ್ರ ಸರ್ಕಾರದ ಹಣ ಪಡೆಯುವ ಯಾವ ವಿದ್ಯಾಸಂಸ್ಥೆಯೂ ಹೆಣ್ಣು ಗಂಡೆಂಬ ಭೇದವೆಣಿಸಬಾರದೆಂಬ ಶಾಸನ ಬಂದದ್ದು ೧೯೭೨ರ ಜೂನ್ ತಿಂಗಳಲ್ಲಿ. ಕಾಯಿದೆಯ ಬೆಂಬಲ ಬರುವ ಮುನ್ನವೇ ವಾಹೂ ಊರಿನ ಹೆಣ್ಣುಮಕ್ಕಳು ಮೂರು ಬಾರಿ ಗೆದ್ದಾಗಿತ್ತು. ಆ ಶಾಸನದ ಫಲವಾಗಿ, ಮೂರು ಲಕ್ಷದೊಳಗಿದ್ದ ಅಲ್ಲಿನ ಪ್ರೌಢಶಾಲೆಗಳ ಕ್ರೀಡಾಪಟು ಬಾಲಿಕೆಯರ ಸಂಖ್ಯೆ ಮುಂದೆ ಮೂವತ್ತು ಲಕ್ಷವನ್ನು ಮೀರಿತು. ಆದರೆ ವಾಹೂ ಕಾಲೇಜು ಆ ಫಲವನ್ನು ಹೆಚ್ಚು ಕಾಲ ಉಣ್ಣಲಿಲ್ಲ. ೧೯೭೫ರಲ್ಲಿ ಕಾಲೇಜೇ ಮುಚ್ಚಿಹೋಯಿತು.

ಇಷ್ಟಾದರೂ ಈ ಪಂದ್ಯಾವಳಿಯ ವಿಜೇತರ ಪಟ್ಟಿಯಲ್ಲಿ ಮೊದಲ ಮೂರು ಸಾಲುಗಳಲ್ಲಿ ಇಂದಿಗೂ ಅದರ ಹೆಸರೇ ಇದೆ. ಅಲ್ಲಿ ಕಾಲೇಜು ಉಳಿಯಲಿಲ್ಲ, ದಾಖಲೆ ಉಳಿಯಿತು. ನಮ್ಮ ಕಡೆ ಇದು ತಿರುವುಮುರುವು. ಕಾಲೇಜುಗಳು ಭದ್ರವಾಗಿ ನಿಂತಿವೆ. ಅಲ್ಲಿ ಆಡಿದ ಹೆಣ್ಣುಮಕ್ಕಳ ಹೆಸರು ಐದು ವರ್ಷ ಕಳೆದರೆ ಯಾರಿಗೂ ನೆನಪಿರುವುದಿಲ್ಲ. ವಾರ್ಷಿಕ ಸಂಚಿಕೆಯಲ್ಲಿ ಒಂದು ಭಾವಚಿತ್ರ, ಅದರ ಕೆಳಗೆ ಎಡದಿಂದ ಬಲಕ್ಕೆ ಹೆಸರುಗಳು, ಅಲ್ಲಿಗೆ ಮುಗಿಯಿತು.

ಭಾರತದಲ್ಲಿ ಈ ಆಟದ ಸಂಘಟನೆ ೧೯೬೦ರ ದಶಕದಲ್ಲಿ ರಾಜಸ್ಥಾನದ ಜೋಧಪುರದಲ್ಲಿ ಬೇರೂರಿತು. ಬರಬರುತ್ತ ಅಂತರ ವಿಶ್ವವಿದ್ಯಾಲಯ ಪಂದ್ಯಗಳಲ್ಲಿ ಮಹಿಳೆಯರ ಸಾಫ್ಟ್‌ಬಾಲಿಗೂ ಸ್ಥಾನ ದೊರೆಯಿತು. ೧೯೯೬ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಮಹಿಳೆಯರ ಸಾಫ್ಟ್‌ಬಾಲ್ ಸೇರ್ಪಡೆಯಾಗಿ, ೨೦೦೮ರ ನಂತರ ಹೊರಬಿದ್ದು, ೨೦೨೧ರಲ್ಲಿ ಟೋಕಿಯೋದಲ್ಲಿ ಮರಳಿತು. ಅಲ್ಲಿ ಗೆದ್ದವರು ಜಪಾನಿನ ಮಹಿಳೆಯರು. ನಮ್ಮ ಜಿಲ್ಲೆಯ ಕಾಲೇಜುಗಳು ಬಹುಕಾಲ ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಮಹಾನಗರದ ಕಾಲೇಜುಗಳೊಡನೆ ಸೆಣಸಿ ವಿಶ್ವವಿದ್ಯಾಲಯ ತಂಡದಲ್ಲಿ ಸ್ಥಾನ ಪಡೆಯುವುದು ಗ್ರಾಮಾಂತರದ ಹುಡುಗಿಗೆ ಸುಲಭವೆಂದು ಯಾರೂ ಹೇಳಲಾರರು. ೨೦೧೭ರಲ್ಲಿ ಬೆಂಗಳೂರು ಉತ್ತರ ವಿಶ್ವವಿದ್ಯಾಲಯವಾಗಿ, ಅದರ ಕೇಂದ್ರ ಕೋಲಾರದ ಟಮಕದಲ್ಲೇ ಸ್ಥಾಪಿತವಾದ ಮೇಲೆ ಆ ಬಾಗಿಲು ಮನೆಯ ಹತ್ತಿರಕ್ಕೆ ಬಂದಂತಾಯಿತು.

ಇನ್ನು ಮಗಳ ತಂಡದ ಮಾತು. ಹದಿನಾಲ್ಕು ಹುಡುಗಿಯರು, ಆರು ಗವಸುಗಳು. ಎದುರು ತಂಡ ಹೊಡೆಯಲು ಹೋದಾಗ ಅವರ ಗವಸುಗಳನ್ನು ಕೇಳಿ ಪಡೆಯುವುದು, ಸರದಿ ಬದಲಾದಾಗ ಹಿಂದಿರುಗಿಸುವುದು. ಈ ಕೊಡುಕೊಳೆಯಲ್ಲಿಯೇ ಎಷ್ಟೋ ಸ್ನೇಹಗಳು ಬೆಳೆದವೆಂದು ಮಗಳು ಹೇಳುತ್ತಾಳೆ. ದೈಹಿಕ ಶಿಕ್ಷಣ ನಿರ್ದೇಶಕಿಯವರು ಸ್ವತಃ ಕಬಡ್ಡಿ ಆಡಿದವರು. ಸಾಫ್ಟ್‌ಬಾಲಿನ ನಿಯಮ ಪುಸ್ತಕವನ್ನು ಕೈಯಲ್ಲಿ ಹಿಡಿದುಕೊಂಡೇ ಮಕ್ಕಳೊಡನೆ ತಾವೂ ಕಲಿತರು. ಚೆಂಡು ಹಿಡಿಯುವುದರಲ್ಲಿ ಎಲ್ಲರನ್ನೂ ಮೀರಿಸಿದವಳು ಮಾಲೂರು ಕಡೆಯ ಹುಡುಗಿ. ತಂದೆತಾಯಿಗಳು ಇಟ್ಟಿಗೆ ಗೂಡಿನ ಕೆಲಸದವರು. ಕೈಯಿಂದ ಕೈಗೆ ಎಸೆದ ಇಟ್ಟಿಗೆಯನ್ನು ಬಾಲ್ಯದಿಂದಲೂ ಹಿಡಿದು ಜೋಡಿಸಿದವಳಿಗೆ ಚೆಂಡೊಂದು ಲೆಕ್ಕವೇ? ಶ್ರೀನಿವಾಸಪುರದಿಂದ ಬರುತ್ತಿದ್ದ ಇಬ್ಬರು ಮಾವಿನ ತೋಪಿನ ಮಕ್ಕಳು. ಅವರ ಎಸೆತದ ಗುರಿಯ ವಿಚಾರವನ್ನು ಹೆಚ್ಚು ಹೇಳಬೇಕಾಗಿಲ್ಲ.

ಕಷ್ಟವಿದ್ದದ್ದು ಆಟದಲ್ಲಲ್ಲ, ಬಸ್ಸಿನಲ್ಲಿ. ತರಗತಿ ಮುಗಿದ ಮೇಲೆ ಒಂದು ಗಂಟೆ ಅಭ್ಯಾಸ ಮಾಡಿದರೆ ಹಳ್ಳಿಯ ಕಡೆಯ ಬಸ್ಸು ತಪ್ಪುತ್ತಿತ್ತು. ೨೦೨೩ರ ಜೂನ್ ೧೧ರಂದು ಶಕ್ತಿ ಯೋಜನೆ ಜಾರಿಗೆ ಬಂದು ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳ ಪ್ರಯಾಣ ಉಚಿತವಾದಾಗ ಟಿಕೆಟಿನ ಚಿಂತೆ ಕಳೆಯಿತು; ಬಸ್ಸಿನ ವೇಳೆ ಮಾತ್ರ ಬದಲಾಗಲಿಲ್ಲ. ಕೊನೆಗೆ ಅಭ್ಯಾಸವನ್ನು ಬೆಳಗಿನ ಏಳು ಗಂಟೆಗೆ ಇಟ್ಟುಕೊಂಡರು. ಮೈದಾನದ್ದು ಇನ್ನೊಂದು ಕಥೆ. ಕೋಲಾರ ಜಿಲ್ಲೆಯ ಕೆರೆಗಳು ಬತ್ತಿದ್ದ ಕಾಲದಲ್ಲಿ ಕೆರೆಯಂಗಳವೇ ಎಷ್ಟೋ ಊರುಗಳ ಮಕ್ಕಳಿಗೆ ಆಟದ ಬಯಲಾಗಿತ್ತು. ೨೦೧೮ರಿಂದ ಕೆ.ಸಿ. ವ್ಯಾಲಿ ಯೋಜನೆಯ ನೀರು ಹರಿದು ಹಲವು ಕೆರೆಗಳು ತುಂಬಿದವು. ಕೆರೆ ತುಂಬಿ ಮೈದಾನ ಹೋಯಿತೆಂದು ಯಾರೂ ಅಳಲಿಲ್ಲ, ಅಳುವುದೂ ತರವಲ್ಲ. ಆದರೆ ಬದಲಿ ಬಯಲನ್ನು ಯಾರೂ ಯೋಚಿಸಲೂ ಇಲ್ಲ.

ನಮ್ಮ ಮನೆಯಲ್ಲಿ ಎದ್ದ ಪ್ರಶ್ನೆ ಬೇರೆಯದು. ಮಗಳು ಲಿಂಗಧಾರಿಣಿ. ಈ ಆಟದಲ್ಲಿ ಓಡುವವಳು ಕೆಲವೊಮ್ಮೆ ನೆಲದ ಮೇಲೆ ಜಾರಿ ಮೂಲೆಯನ್ನು ಮುಟ್ಟಬೇಕಾಗುತ್ತದೆ. ಅಪಾಯಕರವೆಂದು ತೋರಿದರೆ ಮೈಮೇಲಿನ ಆಭರಣವನ್ನು ತೆಗೆಸುವ ಅಧಿಕಾರವೂ ಅಂಪೈರರಿಗುಂಟು. ಬೆಳ್ಳಿಯ ಕರಡಿಗೆ ಕೊರಳಿನಲ್ಲಿ ತೂಗಾಡುತ್ತಿದ್ದರೆ ಅವರೇನು ಬಲ್ಲರು? ಇಷ್ಟಲಿಂಗವನ್ನು ಅಂಗದಿಂದ ಅಗಲಿಸಿ ಚೀಲದಲ್ಲಿಟ್ಟು ಆಡುವುದಾದರೆ ಆ ಆಟವೇ ಬೇಡವೆಂದು ನಮ್ಮ ಚಿಕ್ಕಪ್ಪನವರು ಕಡ್ಡಿ ಮುರಿದಂತೆ ಹೇಳಿದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಮಗಳೂ ಎದುರಾಡಲಿಲ್ಲ, ಎರಡು ದಿನ ಮಾತೇ ಆಡಲಿಲ್ಲ. ಗಂಟು ಬಿಡಿಸಿದವರು ನಮ್ಮ ತಾಯಿಯವರು. ಹೊಕ್ಕುಳಿಗಿಂತ ಕೆಳಗೆ ಇರಕೂಡದೆಂಬುದು ಕಟ್ಟಳೆ. ಎದೆಗೆ ಒತ್ತಿ ಕಟ್ಟಬಾರದೆಂದು ಎಲ್ಲಿಯೂ ಇಲ್ಲವಲ್ಲ ಎಂದರು. ಆಟದ ಹೊತ್ತಿಗೆ ಕರಡಿಗೆಯನ್ನು ಬಿಟ್ಟು, ಲಿಂಗವನ್ನು ಶುಭ್ರವಸ್ತ್ರದಲ್ಲಿ ಸುತ್ತಿ, ಅಗಲವಾದ ಹತ್ತಿಯ ಪಟ್ಟಿಯಲ್ಲಿ ಜೇಬಿನಂತೆ ಹೊಲಿದು, ಅಂಗಿಯೊಳಗೆ ಎದೆಯ ಮೇಲೆ ಭದ್ರವಾಗಿ ನಿಲ್ಲುವಂತೆ ಮಾಡಿಕೊಟ್ಟರು. ಹಿತ್ತಲಿನಲ್ಲಿ ಮೊಮ್ಮಗಳನ್ನು ನಾಲ್ಕು ಸಲ ಓಡಿಸಿ ನೋಡಿದ ಮೇಲೆಯೇ ಅವರಿಗೆ ಸಮಾಧಾನ. ಚಿಕ್ಕಪ್ಪನವರು ಪಟ್ಟಿಯನ್ನು ಕೈಯಲ್ಲಿ ಹಿಡಿದು ಎಳೆದು ನೋಡಿ, “ಹೊಲಿಗೆ ಗಟ್ಟಿಯಿದೆ” ಎಂದಷ್ಟೇ ಹೇಳಿದರು.

ಮರುವರ್ಷ ಅವಳು ವಿಶ್ವವಿದ್ಯಾಲಯ ತಂಡಕ್ಕೆ ಆಯ್ಕೆಯಾದಾಗ ಮತ್ತೊಂದು ಸುತ್ತು ಚರ್ಚೆ. ಪಂದ್ಯಗಳಿರುವುದು ಉತ್ತರ ಭಾರತದಲ್ಲಿ, ಎರಡು ರಾತ್ರಿಯ ರೈಲು ಪ್ರಯಾಣ, ಅದೇ ತಿಂಗಳಲ್ಲಿ ಹುಡುಗಿಯನ್ನು ನೋಡಲು ಬರುತ್ತೇವೆಂದ ಬೀಗರ ಕಡೆಯವರು. ಬಿಸಿಲಿಗೆ ಬಣ್ಣ ಕಂದಿದೆ ಎಂದು ಸೋದರತ್ತೆಯವರ ಆಕ್ಷೇಪ. ಆಗಲೂ ಮಾತಾಡಿದವರು ನಮ್ಮ ತಾಯಿಯವರೇ: “ದವನದ ಹುಣ್ಣಿಮೆಯ ದಿನ ಅಕ್ಕನ ಜಯಂತಿ ಮಾಡ್ತೀವಿ. ಉಡುತಡಿಯಿಂದ ಕಲ್ಯಾಣ, ಅಲ್ಲಿಂದ ಶ್ರೀಶೈಲ, ಆ ತಾಯಿ ಒಬ್ಬಳೇ ನಡೆದಳು ಅಂತ ಕೈ ಮುಗೀತೀವಿ. ಇವಳು ಹದಿನೈದು ಜನರ ಜೊತೆ ರೈಲಿನಲ್ಲಿ ಕೂತು ಹೋಗೋದಕ್ಕೆ ಇಷ್ಟು ಮಾತೇನಪ್ಪ?” ಬರುವವರಿಗೆ ದಿನ ಮುಂದೂಡಿದೆವೆಂದು ತಿಳಿಸಿದೆವು. ಅವರು ಮತ್ತೆ ಬರಲೇ ಇಲ್ಲ. ಹೆಣ್ಣು ಆಟಕ್ಕೆ ಹೋಗಿದ್ದಾಳೆಂದು ಕೇಳಿ ಹಿಂದೆ ಸರಿದವರ ವಿಷಯದಲ್ಲಿ ವ್ಯಥೆಪಡಬೇಕೆಂದು ನಮಗನಿಸಲಿಲ್ಲ; ಅವಳ ತಾಯಿಗೆ ಸ್ವಲ್ಪ ಕಾಲ ಅನಿಸಿತು.

ಬೆಳಗಿನ ಜಾವ ರೈಲಿನ ಮೇಲಿನ ಬರ್ತಿನಲ್ಲಿ ಕುಳಿತು ಲಿಂಗಪೂಜೆ ಮಾಡಿಕೊಂಡದ್ದನ್ನು ಮಗಳು ಬಂದು ಹೇಳಿದಳು. ಕೆಳಗೆ ಕುಳಿತಿದ್ದ ಜೊತೆಯ ಹುಡುಗಿಯರು, ಬೇರೆ ಬೇರೆ ಮತದವರು, ಪೂಜೆ ಮುಗಿಯುವವರೆಗೆ ಗದ್ದಲ ಮಾಡದೆ ಕಾದರಂತೆ. ಆಟದಲ್ಲಿ ಮೊದಲ ಪಂದ್ಯವೇ ಕೊನೆಯದಾಯಿತು. ಐದು ಸರದಿಯ ಹೊತ್ತಿಗೆ ಏಳು ಓಟಗಳ ಅಂತರವಿದ್ದರೆ ಪಂದ್ಯವನ್ನು ಅಲ್ಲಿಗೇ ನಿಲ್ಲಿಸುವ ನಿಯಮವಿದೆ. ಆ ನಿಯಮದಂತೆ ಸೋತು ಬಂದರು. ಇವರ ಕಡೆಯಿಂದ ಬಂದ ಎರಡು ಓಟಗಳಲ್ಲಿ ಒಂದು ಮಾಲೂರಿನ ಹುಡುಗಿಯದು.

ಆ ತಂಡ ಈಗಿಲ್ಲ. ಪದವಿಯ ಅವಧಿ ಮುಗಿದಂತೆ ತಂಡವೂ ಕರಗುತ್ತದೆ. ನಮ್ಮ ಮಗಳು ಬಿ.ಎಡ್. ಓದುತ್ತಿದ್ದಾಳೆ, ನಾಲ್ವರಿಗೆ ಮದುವೆಯಾಗಿದೆ, ಮಾಲೂರಿನ ಹುಡುಗಿ ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಯ ಪರೀಕ್ಷೆಗೆ ಓಟದ ಅಭ್ಯಾಸ ಮಾಡುತ್ತಿದ್ದಾಳೆ. ಹದಿನಾಲ್ಕೂ ಹೆಸರುಗಳನ್ನು, ಊರು, ಆಡಿದ ಸ್ಥಾನ, ಆಡಿದ ಪಂದ್ಯಗಳ ಸಹಿತ ಒಂದು ಉದ್ದ ನೋಟುಬುಕ್ಕಿನಲ್ಲಿ ಬರೆಸಿ ಕಾಲೇಜಿನ ಗ್ರಂಥಾಲಯಕ್ಕೆ ಕೊಟ್ಟಿದ್ದೇವೆ. ಮುಂದಿನ ತಂಡದವರು ತಮ್ಮ ಹೆಸರುಗಳನ್ನು ಅದರಲ್ಲಿಯೇ ಸೇರಿಸುವುದೆಂದು ನಿರ್ದೇಶಕಿಯವರು ಒಪ್ಪಿದ್ದಾರೆ. ಈ ವರ್ಷ ಹೊಸದಾಗಿ ಸೇರಿದವರು ಹನ್ನೊಂದು ಮಂದಿ. ಅವರಲ್ಲಿ ಲಿಂಗಧಾರಿಣಿಯರಿಬ್ಬರು, ಅವರ ಅಳತೆಯನ್ನು ನಮ್ಮ ತಾಯಿಯವರು ಫೋನಿನಲ್ಲಿ ಕೇಳಿ ಬರೆದುಕೊಂಡಿದ್ದಾರೆ. ಗವಸುಗಳು ಮಾತ್ರ ಇನ್ನೂ ಆರೇ ಇವೆ.