ಊಟದ ಮನೆಗೆ ಬಂದ ರೈಲು

ಸೋದರಿಯರೇ, ನಿಮ್ಮ ಮನೆಯಲ್ಲೂ ನಿವೃತ್ತರಾದ ಯಜಮಾನರಿದ್ದರೆ ನನ್ನ ಪಾಡು ನಿಮಗೆ ಅರ್ಥವಾದೀತು. ನಮ್ಮವರು ಸ್ಟೇಷನ್ ಮಾಸ್ಟರ್ ಆಗಿದ್ದವರು. ನಿವೃತ್ತಿಯಾದ ಮೇಲೆ ಆರು ತಿಂಗಳು ಬರೀ ಗಡಿಯಾರ ನೋಡುತ್ತಾ ಕೂತರು. ಏಳನೆಯ ತಿಂಗಳು ಊಟದ ಮನೆಗೆ ಒಂದು ಪ್ಲೈವುಡ್ ಹಲಗೆ ಬಂತು. "ಏನ್ರೀ ಇದು?" ಎಂದೆ. "ರೈಲು ಮಾಡ್ತೀನಿ ಕಣೇ" ಎಂದರು.

ಮಕ್ಕಳಾಟಿಕೆ ಎಂದುಕೊಳ್ಳಬೇಡಿ. ಶಿವಮೊಗ್ಗ–ತಾಳಗುಪ್ಪ ಮೀಟರ್ ಗೇಜ್ ಮಾರ್ಗದ ಒಂದು ಪುಟ್ಟ ಸ್ಟೇಷನ್ನಿನಲ್ಲಿ ನಾವು ಹನ್ನೊಂದು ವರ್ಷ ಸಂಸಾರ ಮಾಡಿದ್ದೆವು. ಆ ಹಳಿ ಈಗಿಲ್ಲ. ಬ್ರಾಡ್ ಗೇಜ್ ಹಾಕಿ, 2011ರಲ್ಲಿ ತಾಳಗುಪ್ಪದವರೆಗೂ ದೊಡ್ಡ ರೈಲು ಬಂತು. ಹಳೆಯದನ್ನು ಇವರು ಎಂಬತ್ತೇಳರಲ್ಲೊಂದು ಪಾಲು ಅಳತೆಯಲ್ಲಿ ಮತ್ತೆ ಕಟ್ಟಬೇಕಂತೆ! 1000 ಮಿಲಿಮೀಟರ್ ಅಂತರದ ಹಳಿಗಳು ಆ ಲೆಕ್ಕದಲ್ಲಿ ಹತ್ತಿರಹತ್ತಿರ 12 ಮಿಲಿಮೀಟರಿಗೆ ಇಳಿಯುತ್ತವೆ. ಅಂಗಡಿಯ ಸಿದ್ಧ ಹಳಿ ತರಬಾರದೇ ಎಂದರೆ, "ಅದರ ಸ್ಲೀಪರು ನಮ್ಮ ಕಡೆಯದ್ದಲ್ಲ" ಎಂದುಬಿಟ್ಟರು.

ಸ್ಲೀಪರಿಗೆ ಅವರು ಹಿಡಿದದ್ದು ನನ್ನ ಒಲೆಯ ಪಕ್ಕದ ಬೆಂಕಿಪೊಟ್ಟಣ. ಮದ್ದು ತೆಗೆದು ಕಡ್ಡಿಯನ್ನು ಎರಡಾಗಿ ಕತ್ತರಿಸಿದರೆ ಎರಡು ಸ್ಲೀಪರ್, 21 ಮಿಲಿಮೀಟರ್ ಉದ್ದದವು. ಚಹಾ ಡಿಕಾಕ್ಷನ್ನಿನಲ್ಲಿ ನೆನೆಸಿದರೆ ಹಳೇ ಮರದ ಬಣ್ಣ. ಐದಕ್ಕೊಂದರಂತೆ ಮಾತ್ರ ತಾಮ್ರದ ಲೇಪವಿರುವ ಪಟ್ಟಿ. ಮಗ ತರಿಸಿಕೊಟ್ಟ ತೆಳು ಹಳಿಯನ್ನು ಅದಕ್ಕೆ ಬೆಸುಗೆ ಹಾಕುವುದು. ಜಲ್ಲಿಗೆಂದು ನನ್ನ ಹಿಟ್ಟಿನ ಜರಡಿಯಲ್ಲಿ ಮರಳು ಜರಡಿ ಹಿಡಿದ ದಿನ ನಾನು ಮಾತು ಬಿಟ್ಟಿದ್ದೆ. ಹೊಸ ಜರಡಿ ಬಂದ ಮೇಲೇ ರಾಜಿಯಾದದ್ದು.

ಅಷ್ಟರಲ್ಲಿ ಅವರ ಕಣ್ಣಿಗೆ ಪೊರೆ ಬಂತು. ಹಳಿ ಹಾಕಿದರೂ ಇಂಜಿನ್ ಜಪ್ಪಯ್ಯ ಅನ್ನಲಿಲ್ಲ. ಎರಡು ದಿನ ಸಪ್ಪೆ ಮೋರೆ. ನೋಡಲಾರದೆ, ಸೂಜಿಗೆ ದಾರ ಪೋಣಿಸುವ ಕನ್ನಡಕ ಹಾಕಿಕೊಂಡು ನಾನೇ ಬಗ್ಗಿದೆ. ತಾಮ್ರದ ಪಟ್ಟಿಯ ನಡುವೆ ಅರದಿಂದ ಒಂದು ಗೀರು ಹಾಕಿ ತಾಮ್ರವನ್ನು ಬಿಡಿಸಬೇಕು, ಇಲ್ಲವಾದರೆ ಎರಡು ಹಳಿಯ ವಿದ್ಯುತ್ತೂ ಕೂಡಿಕೊಂಡುಬಿಡುತ್ತದೆ. ಒಂದು ಪಟ್ಟಿಗೆ ಆ ಗೀರೇ ಇರಲಿಲ್ಲ! ಅಂದಿನಿಂದ ಹಳಿಯ ಕೆಲಸ ನನ್ನದು. ಕಸೂತಿ ಹಾಕಿದ ಕೈಗೆ ಇದೇನು ಮಹಾ? ಕವಲೊಡೆಯುವ ಜಾಗದಲ್ಲಿ ಹಳಿಯ ತುದಿಯನ್ನು ಅರದಲ್ಲಿ ಚೂಪು ಮಾಡುವುದು ಮಾತ್ರ ಕಷ್ಟ, ಮೂರು ಸಲ ಕೆಡಿಸಿದೆ.

ಡಬ್ಬಿಗಳನ್ನು ಮದುವೆ ಕರೆಯೋಲೆಗಳ ದಪ್ಪ ಕಾಗದದಲ್ಲಿ ಮಾಡಿದೆವು, ಒಂದೊಂದೂ ಒಂದು ಗೇಣು. ಹಗುರವಾಗಿ ತಿರುವಿನಲ್ಲಿ ಹಳಿ ತಪ್ಪುತ್ತಿದ್ದವು. ಒಳಗೆ ನಾಣ್ಯ ಅಂಟಿಸಿ ಭಾರ ಮಾಡಿದ ಮೇಲೆ ಸರಿಹೋದವು.

ಸ್ಟೇಷನ್, ಸಿಗ್ನಲ್, ನೀರಿನ ತೊಟ್ಟಿ, ಗೂಡ್ಸ್ ಷೆಡ್ ಎಲ್ಲ ಬಂತು. ನಮ್ಮ ಕ್ವಾರ್ಟರ್ಸ್ ಇಲ್ಲ! ಕೇಳಿದರೆ, "ಅದು ರೈಲ್ವೆ ಕೆಲಸಕ್ಕೆ ಸಂಬಂಧಿಸಿದ್ದಲ್ಲವಲ್ಲ" ಎಂದರು. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು, ಸುಳ್ಳು ಹೇಳುವುದಿಲ್ಲ. ಹನ್ನೊಂದು ವರ್ಷ ಆ ಎರಡು ಕೋಣೆಯಲ್ಲಿ ಎರಡು ಬಾಣಂತನ, ಸೀಮೆಎಣ್ಣೆ ದೀಪದಲ್ಲಿ ಮಕ್ಕಳ ಪಾಠ, ಮಳೆಗಾಲದಲ್ಲಿ ಒಣಗದ ಬಟ್ಟೆ. ಪಕ್ಕದ ಸ್ಟೇಷನ್ನಿನಿಂದ ಗಾಡಿ ಬಿಟ್ಟಿತೆಂದು ಗಂಟೆ ಬಾರಿಸಿದರೆ ನಾನು ಅಕ್ಕಿ ತೊಳೆದು ಒಲೆಗಿಡುತ್ತಿದ್ದೆ; ಗಾಡಿ ಬಂದು ಹೋಗಿ ಇವರು ಊಟಕ್ಕೆ ಬರುವಷ್ಟರಲ್ಲಿ ಅನ್ನ ಬಿಸಿಯಾಗಿರಲಿ ಅಂತ. ಅದನ್ನು ಮೊನ್ನೆ ಹೇಳಿದಾಗ ಅವರು, "ನೀನು ಗಂಟೆ ಕೇಳಿಸ್ಕೋತಿದ್ಯಾ?" ಎಂದು ನನ್ನ ಮುಖ ನೋಡಿದರು.

ಮರುದಿನ ಬೆಳಿಗ್ಗೆ ನೋಡುತ್ತೇನೆ, ಹಲಗೆಯ ಮೂಲೆಯಲ್ಲಿ ಹೆಂಚಿನ ಪುಟ್ಟ ಮನೆ. ತುಳಸಿಕಟ್ಟೆ, ಬಟ್ಟೆ ಹರವಲು ನನ್ನ ಡಬ್ಬಿಯಿಂದಲೇ ಕದ್ದ ಹೊಲಿಗೆ ದಾರ. ಅಡಿಗೆಮನೆಯ ಕಿಟಕಿ ಮಾತ್ರ ಪ್ಲಾಟ್‌ಫಾರ್ಮಿನ ಕಡೆಗಿರಲಿಲ್ಲ, ಹಿತ್ತಲ ಕಡೆಗಿತ್ತು. ಹೇಳಿದೆ. ಗೋಡೆ ಬಿಚ್ಚಿ ತಿರುಗಿಸಿ ಅಂಟಿಸಿದ್ದಾರೆ. ಅಂಟು ಒಣಗಲಿ ಎಂದು ಇವತ್ತು ರೈಲು ಓಡಿಸಿಲ್ಲ.