ಮೀನಿನ ಪೆಟ್ಟಿಗ್ಯಾಗ ಹಾವಸಿ

ಅಕ್ಕೋರೆ, ಮಗ ಕಲಬುರಗಿ ಹಾಸ್ಟೆಲಿಗಿ ಹೋಗುವಾಗ "ಯವ್ವಾ, ಮೀನ ಜ್ವಾಕಿ" ಅಂದು ಹೋದ. ಐದು ಗೋಲ್ಡ್‌ಫಿಶ್ ಇದ್ವು. ಪೆಟ್ಟಿಗಿ ಕಿಡಕಿ ಬಾಜು ಇತ್ತು, ಬಿಸಲು ಬೀಳ್ತಿತ್ತು. ಹದಿನೈದು ದಿನದಾಗ ಗಾಜೆಲ್ಲಾ ಹಸರು, ಭೀಮಾ ಹೊಳಿ ದಂಡಿ ಕಲ್ಲಿನಂಗ ಹಾವಸಿ ಹಿಡೀತು. ತಿಕ್ಕಿದೆ, ನಾಕ ದಿನಕ್ಕ ಮತ್ತ ಬಂತು. ಸಿಟ್ಟಿಗೆದ್ದು ನೀರೆಲ್ಲಾ ಚೆಲ್ಲಿ, ಹಳ್ಳು, ಫಿಲ್ಟರಿನ ಸ್ಪಂಜು ಎಲ್ಲಾ ನಳದ ನೀರಾಗ ಭಾಂಡಿ ತಿಕ್ಕಿದಂಗ ತೊಳದು, ಅದೇ ನಳದ ನೀರು ತುಂಬಿದೆ.

ಮೂರು ದಿನದಾಗ ನಾಕು ಮೀನ ತೇಲಿದ್ವು.

ಹಾವಸಿ ಅವುಕ್ಕ ಏನೂ ಮಾಡಿರ್ಲಿಲ್ರಿ. ಮೀನಿನ ಹೊಲಸಿನ ವಿಷ ಕಡಿಮಿ ಮಾಡೋ ಸಣ್ಣ ಜೀವ ಆ ಸ್ಪಂಜು, ಹಳ್ಳಿನಾಗೇ ಇರ್ತಾವಂತ. ನಳದ ಕ್ಲೋರಿನ್ನು ಅವನ್ನ ಕೊಲ್ತದ, ಮೀನಿಗೂ ಆಗಿಬರಲ್ಲ. ನನಗೇನು ಗೊತ್ತು, ಸ್ವಚ್ಛ ಅಂದ್ರ ಸ್ವಚ್ಛ ಅನಕೊಂಡಿದ್ದೆ.

ಈಗ ಪೆಟ್ಟಿಗಿ ಬಿಸಲು ಬೀಳದ ಮೂಲ್ಯಾಗ ಅದ. ಲೈಟು ದಿನಕ್ಕ 6 ತಾಸು. ಕಾಳು ಎರಡು ನಿಮಿಷದಾಗ ತಿಂದು ಮುಗಿಸೋವಷ್ಟೇ; ಉಳದದ್ದು ಹಾವಸಿಗೇ ಗೊಬ್ಬರ. ವಾರಕ್ಕ ಕಾಲುಭಾಗ ನೀರು ತೆಗದು, ಕ್ಲೋರಿನ್ ಹೋಗೋ ಔಷಧದ ಹನಿ ಹಾಕಿದ ನೀರು ಸುರೀತೀನಿ. ಸ್ಪಂಜು ತೆಗದ ನೀರಾಗೇ ಹಿಂಡ್ತೀನಿ. ಹಿಂದಿನ ಗಾಜಿನ ಹಾವಸಿ ಬಿಟ್ಟೀನಿ, ಉಳದ ಒಂದು ಮೀನ ಅದನ್ನ ಕಚ್ಚಿ ತಿಂತದ.

ನಿನ್ನಿ ಫೋನಿನ್ಯಾಗ ಮಗ "ಮೀನ ಹ್ಯಾಂಗ ಅವ?" ಅಂದ. "ಚಲೋ ಅವ" ಅಂದೆ. ದೀವಳಿಗಿಗಿ ಬರ್ತಾನ.